ಅಡ್ಡಹೆಸರಿಗೊಂದು ನೌಕರಿ

ನಮ್ಮ ಅಂಗಡಿಗೆ ನೌಕರಿ ಕೇಳಾಕ ಯಾರರ ಬಂದ್ರಂದ್ರ ಒಂದು ಫಜೀತಿ ಆಗಾಕಬೇಕು. ಹಿರೇಕೆರೂರಾಗ ಗೋವಿನಜೋಳದ ವ್ಯಾಪಾರ ನಮ್ದು. ಬಿಲ್ಲು ಬರಿಯಾಂವ ಬಿಟ್ಟು ಹೋದಾಗಿಂದ ತೂಕ ನೋಡೂದು, ಬಿಲ್ಲು ಮಾಡೂದು, ಫೋನ್ ಎತ್ತೂದು ಎಲ್ಲಾ ನಾನೊಬ್ಬನ. ಸುಗ್ಗಿ ಬ್ಯಾರೆ ಬಂದೇತಿ. ಒಬ್ಬರು ಸಿಕ್ಕರ ಸಾಕು ಅಂತ ನಾ ಬಾಯಿ ಬಾಯಿ ಬಿಡಾಕತ್ತಿದ್ರ, ನಮ್ಮ ಸಾವ್ಕಾರ್ರು ಬಂದವರ ಕುಲಗೋತ್ರ ಕೆದಕಿ ಓಡಸ್ತಾರ.

ವರಪರೀಕ್ಷೆ

ಮೊದ್ಲ ಬಂದಾಂವ ಶಿಗ್ಗಾಂವಿಯ ಹುಡುಗ. ಕಂಪ್ಯೂಟರ್ ಛಲೋ ಬರ್ತಿತ್ತು. ಸಾವ್ಕಾರ್ರು ಅದನ್ನ ಕೇಳ್ಲೇ ಇಲ್ಲ.

"ಅಡ್ಡಹೆಸರೇನಪಾ? ಮನಿದೇವ್ರು ಯಾರು? ಹೊಲ ಎಷ್ಟೈತಿ? ಯಾವ ಓಣ್ಯಾಗ ಮನಿ?"

ಹುಡುಗ ಎದ್ದು ನಿಂತ. "ನಿಮ್ಮನ್ಯಾಗ ಕನ್ಯಾ ಐತಿ ಅಂತ ಮೊದ್ಲ ಹೇಳಬಾರದೇನ್ರಿ? ಅಪ್ಪನ್ನೂ ಕರಕೊಂಡು ಬರ್ತಿದ್ದೆ!"

ಹೋದಾಂವ ಹೊಳ್ಳಿ ಬರಲಿಲ್ಲ.

ಹಬ್ಬದ ಪ್ರಶ್ನೆ

ನಂಗ ಸಿಟ್ಟು ನೆತ್ತಿಗೇರಿತು. "ಸಾವ್ಕಾರ್ರ, ಅಡ್ಡಹೆಸರು ಕೇಳಿ ಜಾತಿ ಹುಡುಕೂದು, ಮದುವಿ, ಮಕ್ಕಳು ಕೇಳೂದು ತಪ್ಪು ರಿ. ಕೆಲಸದ್ದಷ್ಟ ಕೇಳ್ರಿ." ದೇವರಾಣಿ ಕೇಳಂಗಿಲ್ಲ ಅಂದ್ರು.

ಹಾನಗಲ್ಲಿಂದ ಒಬ್ಬಾಕಿ ಬಂದ್ಲು. ಸಾವ್ಕಾರ್ರು ಕೆಮ್ಮಿ, ಭಾಳ ಶಾಣ್ಯಾರಂಗ ಕೇಳಿದ್ರು: "ತಂಗಿ, ಹಬ್ಬಕ್ಕ ತವರಮನಿಗೆ ಹೋಗ್ತೀಯೋ, ಅತ್ತಿ ಮನಿಗೋ?"

ನಾ ಹಣಿ ಹಣಿ ಬಡ್ಕೊಂಡೆ. ಆಕಿ ನಕ್ಕೋತ, "ಎರಡೂ ಕಡೆ ಹೋಗ್ತೇನಿ ರಿ. ರಜಾ ಎಷ್ಟು ದಿನ ಕೊಡ್ತೀರಿ?" ಅಂದ್ಲು.

ರಜಾ ಅಂದಕೂಡ್ಲೇ ಸಾವ್ಕಾರ್ರ ಮಾರಿ ಸಣ್ಣದಾತು. ಆಕಿನೂ ಹೋದ್ಲು. ನಂಗ ಒಂದ ದಿನದ ರಜಾನೂ ಇರ್ಲಿಲ್ಲ.

ಬಾಕಿ ಉಳಿದದ್ದು

ಮೂರನೇದಾಕಿ ಹಿಂಗ ಎಷ್ಟು ಅಂಗಡಿ ಹತ್ತಿಳಿದಿದ್ಲೋ ಏನೋ. ಅಡ್ಡಹೆಸರು ಕಾಣಬಾರದಂತ ಆಕಿ ಅರ್ಜಿ ನಾ ಸಾವ್ಕಾರ್ರ ಕೈಗೆ ಕೊಡ್ಲೇ ಇಲ್ಲ. ಕುಂತಕೂಡ್ಲೇ ಆಕಿನ ಶುರು ಮಾಡಿದ್ಲು:

"ಮದುವಿ ಆಗೇತಿ ರಿ. ಮಗಳೊಬ್ಬಾಕಿ, ಅತ್ತಿ ನೋಡ್ಕೋತಾರ. ಗಂಡ ಒಪ್ಯಾರ. ಈಗ ಕೆಲಸದ್ದು ಕೇಳ್ರಿ."

ಸಾವ್ಕಾರ್ರು ಪಿಳಿಪಿಳಿ ಕಣ್ಣು ಬಿಟ್ರು. ಆಮ್ಯಾಲೆ ನನ್ನ ಕಡೆ ಬಾಗಿ, "ಏನಪಾ, ಇಲ್ಲಿ ಕೆಲಸ ಏನಿರ್ತೈತಿ?" ಅಂದ್ರು. ಅವರ ಕಣ್ಣಮುಂದ ಅದನ್ನ ಮಾಡಿ ಮಾಡಿ ನಾ ಅರ್ಧ ಆಗೇನಿ!

ಕೆಲಸದ್ದು ನಾನ ಕೇಳಿದೆ. ಎಲ್ಲಾ ಪಟಪಟ ಹೇಳಿದ್ಲು. ಆದ್ರ ಸಾವ್ಕಾರ್ರಿಗೆ ಒಂದು ಉಳಿದಿತ್ತಲ್ಲ. ಕುರ್ಚ್ಯಾಗ ಕುಂದ್ರವಲ್ರು. ಕಡೀಕ ತಡೀಲಾರದ, "ತಂಗಿ, ಅಡ್ಡಹೆಸರು..." ಅಂದ್ರು.

"ಅದು ನೌಕರಿ ಕೊಟ್ಟ ಮ್ಯಾಲೆ ಹೇಳ್ತೇನಿ ರಿ."

"ಕೊಟ್ಟೆ ತಗೋ! ಹೇಳು!"

"ಚಿಕ್ಕೇರೂರ ರಿ."

ಊರ ಹೆಸರು! ಆ ಅಡ್ಡಹೆಸರಿನವರು ನಮ್ಮ ಕಡೆ ಎಲ್ಲಾ ಜಾತಿಯೊಳಗೂ ಅದಾರ. ಸಾವ್ಕಾರ್ರು ಬಾಯಿ ತಕ್ಕೊಂಡು ಕುಂತ್ರು. ನಾ ಎದ್ದು ನನ್ನ ಕುರ್ಚಿ, ಬಿಲ್ಲಿನ ಪುಸ್ತಕ ಎರಡೂ ಆಕಿಗೆ ಕೊಟ್ಟುಬಿಟ್ಟೆ, ಸಾವ್ಕಾರ್ರ ಮನಸ್ಸು ತಿರುಗಿದ್ರ ಕಷ್ಟ.

ಸಾವ್ಕಾರ್ರು ಸಣ್ಣ ದನ್ಯಾಗ, "ಹಂಗಾರ... ಮನಿದೇವ್ರು?" ಅಂದ್ರು.

ಆಕಿ ಬಿಲ್ಲಿನಿಂದ ತಲಿ ಎತ್ತಲಿಲ್ಲ. "ಅದು ಪಗಾರ ಹೆಚ್ಚು ಮಾಡಿದ ಮ್ಯಾಲೆ ರಿ."