ನಮ್ಮ ಪತ್ರಿಕೆಯನ್ನು ಪೂರ್ತಿ ಓದಿದವರು

ಸ್ವಂತ ಪತ್ರಿಕೆ ಮಾಡುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಮಾಡದವರು ಸುಖವಾಗಿದ್ದಾರೆ.

ನಾನಿರುವುದು ಲಾಸ್ ಏಂಜಲೀಸಿನ ಉತ್ತರಕ್ಕಿರುವ ಪೋರ್ಟರ್ ರ್ಯಾಂಚ್‌ನಲ್ಲಿ. ಕೊರೊನಾ ಬಂದು ಊರೆಲ್ಲ ಬಾಗಿಲು ಹಾಕಿಕೊಂಡಾಗ ನಾವು ಮೂವರು ಸೇರಿ ಒಂದು ಪತ್ರಿಕೆ ಶುರು ಮಾಡಿದೆವು. ಒಬ್ಬಳು ಸಿನಿಮಾ ಎಡಿಟಿಂಗ್ ಮಾಡುವ ಆಫ್ರಿಕನ್ ಅಮೆರಿಕನ್ ಗೆಳತಿ. ಇನ್ನೊಬ್ಬ ಸ್ಯಾನ್ ಡಿಯಾಗೋದ ಫೋಟೋಗ್ರಾಫರ್, ಮೆಕ್ಸಿಕೋ ಮೂಲದವನು. ಮೂರನೆಯವಳು ಉಡುಪಿಯಿಂದ ಬಂದ ನಾನು. ನಮ್ಮಂಥ ಕಪ್ಪು, ಕಂದು ಬಣ್ಣದವರು ಮಾಡಿದ ಸಿನಿಮಾ, ಚಿತ್ರ, ಫೋಟೋಗಳ ಬಗ್ಗೆ ದೊಡ್ಡ ಪತ್ರಿಕೆಗಳು ಬರೆಯುವುದು ಅಪರೂಪ. ಅವರನ್ನು ಬೈಯುತ್ತ ಕೂರುವ ಬದಲು ನಾವೇ ಬರೆದು, ನಾವೇ ಪುಟ ಕಟ್ಟಿ, ನಾವೇ ಅಚ್ಚು ಹಾಕಿಸೋಣ ಎಂದುಕೊಂಡೆವು.

ನನಗೆ ಇದ್ದದ್ದು ಒಂದೇ ಆಸೆ. ನೆಂಟರಲ್ಲದ, ಸ್ನೇಹಿತರಲ್ಲದ, ಯಾರೋ ಒಬ್ಬ ಅಪರಿಚಿತರು ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕು. ಒಬ್ಬರು ಸಾಕು. ಅಂಥವರು ಯಾರೂ ಇಲ್ಲವಾದರೆ ನಾವು ಮಾಡುತ್ತಿರುವುದು ಪತ್ರಿಕೆಯಲ್ಲ, ಗ್ಯಾರೇಜಿನಲ್ಲಿ ಪೇರಿಸಿಡುವ ಪೆಟ್ಟಿಗೆಗಳು. ಎರಡನೆಯ ಸಂಚಿಕೆಗೂ ಅಂಥವರೊಬ್ಬರು ಸಿಗದಿದ್ದರೆ ನಿಲ್ಲಿಸಿಬಿಡೋಣ ಎಂದು ಮೂವರೂ ಒಪ್ಪಿಕೊಂಡಿದ್ದೆವು.

ಪಕ್ಕಕ್ಕೆ ಹೋದ ತುಟಿ

ಮೊದಲ ಸಂಚಿಕೆ ಅಚ್ಚಾದದ್ದು ಒಂದು ಪುಟ್ಟ ಪ್ರೆಸ್ಸಿನಲ್ಲಿ. ಅಲ್ಲಿಯ ಮೆಷಿನ್ ಒಂದು ಸಲಕ್ಕೆ ಒಂದೇ ಬಣ್ಣ ಹಾಕುತ್ತದೆ. ಮೊದಲು ನೀಲಿ, ಅದು ಒಣಗಿದ ಮೇಲೆ ಅದೇ ಹಾಳೆಯ ಮೇಲೆ ಗುಲಾಬಿ. ಹಾಳೆ ಹೊರಗೆ ಬಂದಾಗ ನೋಡುತ್ತೇನೆ, ಗುಲಾಬಿ ಬಣ್ಣ ಅರ್ಧ ಬೆರಳಿನಷ್ಟು ಆಚೆ ಸರಿದಿದೆ. ಚಿತ್ರದಲ್ಲಿದ್ದ ನಟಿಯ ತುಟಿ ಅವಳ ಕೆನ್ನೆಯ ಮೇಲಿದೆ.

"ಇದು ತಪ್ಪಾಯಿತಲ್ಲ" ಎಂದೆ.

"ಅದೇ ಇದರ ಚೆಂದ. ಜನ ಇದಕ್ಕಾಗಿಯೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ" ಎಂದ ಪ್ರೆಸ್ಸಿನವ. ನನ್ನ ಇಬ್ಬರು ಜೊತೆಗಾರರೂ ತಲೆಯಾಡಿಸಿದರು.

ನನ್ನ ಅಪ್ಪ ಉಡುಪಿಯಲ್ಲಿ ನಲವತ್ತು ವರ್ಷ ಮದುವೆ ಕಾಗದ ಅಚ್ಚು ಹಾಕಿದವರು. ಅವರಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಎಂತ ಇದು? ತುಟಿ ಎಲ್ಲಿಗೆ ಹೋಯ್ತು?"

"ಅದು ಹಾಗೇ ಅಂತೆ ಅಪ್ಪ. ಇಲ್ಲಿ ಇದನ್ನು ಕಲೆ ಅಂತ ಹೇಳ್ತಾರೆ. ಅದಿರಲಿ, ಲೇಖನ ಕಳಿಸಿದ್ದೆನಲ್ಲ, ಓದಿದ್ರಾ?"

ಅಪ್ಪನಿಗೆ ಲೇಖನದ ಚಿಂತೆ ಇರಲಿಲ್ಲ. ಫೋಟೋವನ್ನೇ ಮತ್ತೊಮ್ಮೆ ನೋಡಿ ಹೇಳಿದರು: "ಹಾಗಾದ್ರೆ ನಮ್ಮಲ್ಲಿ ಮೆಷಿನ್ ನಡೆಸ್ತಾ ಇದ್ದವ ಭಾರೀ ದೊಡ್ಡ ಕಲಾವಿದ ಮಾರಾಯ್ತಿ. ನಾನು ಗೊತ್ತಾಗದೆ ಇಪ್ಪತ್ತು ವರ್ಷ ಬೈದೆ ಅವನಿಗೆ."

ನಾಲ್ಕು ನಿಂಬೆಹಣ್ಣು

ಮೊದಲ ಸಂಚಿಕೆ ಕೈಗೆ ಬಂದ ಮೇಲೆ ದೇವರ ಮುಂದೆ ಇಟ್ಟು ಪೂಜೆ ಮಾಡಿಸಬೇಕು ಎಂದು ಅಮ್ಮ ಫೋನಿನಲ್ಲೇ ಅಪ್ಪಣೆ ಕೊಟ್ಟಳು. ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೋಗುವುದೆಂದಾಯಿತು. ಸೇವೆಯ ಫಾರ್ಮ್ ತುಂಬುವ ಕೆಲಸ ನನ್ನ ಗಂಡನದು. ಅದರಲ್ಲಿ ಅರ್ಚನೆ ಇತ್ತು, ಅಭಿಷೇಕ ಇತ್ತು, ನಾಮಕರಣವೂ ಇತ್ತು. ಪತ್ರಿಕೆ ಪೂಜೆ ಎಂಬುದು ಮಾತ್ರ ಇರಲಿಲ್ಲ. ಇವರು ತಲೆ ಕೆರೆದುಕೊಂಡು, ಪೆಟ್ಟಿಗೆಗಳು ಹೇಗಿದ್ದರೂ ಕಾರಿನಲ್ಲೇ ಇವೆಯಲ್ಲ ಎಂದು ವಾಹನ ಪೂಜೆಗೆ ಟಿಕ್ ಮಾಡಿಬಿಟ್ಟರು.

ಅರ್ಚಕರು ಬಂದರು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು, ಬಾನೆಟ್ಟಿಗೆ ಕುಂಕುಮ ಹಚ್ಚಿದರು, ಕಾಯಿ ಒಡೆದು ಮಂಗಳಾರತಿ ಎತ್ತಿದರು. ನಮ್ಮ ಕಾರಿಗೆ ಆಗ ಒಂಬತ್ತು ವರ್ಷ. ಬಾಗಿಲ ಮೇಲೆ ಶಾಪಿಂಗ್ ಗಾಡಿ ಉಜ್ಜಿದ ಗೆರೆ ಬೇರೆ. ಪಕ್ಕದಲ್ಲಿ ಹೊಚ್ಚ ಹೊಸ ಕಾರು ತಂದು ನಿಂತಿದ್ದ ಕುಟುಂಬ ನಮ್ಮನ್ನು ಕನಿಕರದಿಂದ ನೋಡಿ, "ಸೆಕೆಂಡ್ ಹ್ಯಾಂಡಾ? ಪರವಾಗಿಲ್ಲ ಬಿಡಿ, ಚೆನ್ನಾಗಿದೆ" ಎಂದಿತು.

ಪೂಜೆ ಮುಗಿದ ಮೇಲೆ ನಾನು ಡಿಕ್ಕಿ ತೆಗೆದು ಪತ್ರಿಕೆ ತೋರಿಸಿದೆ. ಅರ್ಚಕರು ಪುಟ ತಿರುಗಿಸಿ, ಕಣ್ಣಿಗೆ ಒತ್ತಿಕೊಂಡು, ಮೊದಲಿದ್ದ ಜಾಗದಲ್ಲೇ ಇಟ್ಟರು. ಆಮೇಲೆ ಆ ಕಾರು ಒಂದು ದಿನವೂ ಕೈ ಕೊಟ್ಟಿಲ್ಲ. ಆ ಸಂಚಿಕೆಯ ಆರು ಪೆಟ್ಟಿಗೆಯನ್ನು ಅದರಲ್ಲೇ ಊರೂರು ಸುತ್ತಿಸಿ, ಐದೂವರೆ ಪೆಟ್ಟಿಗೆಯನ್ನು ಸುರಕ್ಷಿತವಾಗಿ ಮನೆಗೆ ವಾಪಸ್ ತಂದೆವು.

ಕೊನೆಯ ಪುಟದ ಅಭಿಮಾನಿ

ಹಾಗೆ ಸುತ್ತಿದ ಊರುಗಳಲ್ಲಿ ಪೊವೇ ಒಂದು. ಅಲ್ಲಿ ಸ್ಯಾನ್ ಡಿಯಾಗೋ ಕಡೆಯ ಕನ್ನಡದವರ ಯುಗಾದಿ ಕಾರ್ಯಕ್ರಮವಿತ್ತು. ಊಟದ ಸಾಲಿನ ಪಕ್ಕ ನಮಗೊಂದು ಮೇಜು ಕೊಟ್ಟಿದ್ದರು. ಬಂದವರು ಪತ್ರಿಕೆಯ ಮೇಲೆ ಕೋಸಂಬರಿಯ ತಟ್ಟೆ ಇಟ್ಟು, "ಇಂಗ್ಲಿಷಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಬೆಂಗಳೂರಿನ ಒಬ್ಬ ಆಂಟಿ ಮಾತ್ರ ಒಂದು ಪ್ರತಿ ಎತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತುಬಿಟ್ಟರು. ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತಿದ್ದಾರೆ. ಒಮ್ಮೆ ಪೆನ್ನು ತೆಗೆದು ಗುರುತೂ ಹಾಕಿದರು. ಕೊನೆಗೂ ಓದುವವರು ಸಿಕ್ಕರಲ್ಲ ಎಂದುಕೊಂಡೆ. ಇಪ್ಪತ್ತು ನಿಮಿಷವಾದ ಮೇಲೆ ಎದ್ದು ಬಂದರು.

"ಏನಮ್ಮಾ, ಈ ಹುಡುಗ ಕ್ಯಾಮೆರಾ ಕೆಲಸ ಮಾಡ್ತಾನಲ್ಲ, ಎಂ.ಎಫ್.ಎ. ಓದಿದಾನೆ ಅಂತ ಹಾಕಿದೀಯ. ಗ್ರೀನ್ ಕಾರ್ಡ್ ಇದೆಯಾ?"

ನೋಡಿದರೆ, ಅವರು ಓದಿದ್ದು ಕೊನೆಯ ಪುಟ ಒಂದನ್ನೇ. ಅಲ್ಲಿ ಬರೆದವರ ಪರಿಚಯ ಎರಡೆರಡು ಸಾಲು ಇರುತ್ತದೆ. ಅದರಲ್ಲಿ ಮೂವರು ಹುಡುಗರ ಹೆಸರಿನ ಕೆಳಗೆ ಗೆರೆ ಎಳೆದಿದ್ದರು.

"ಆಂಟಿ, ಒಳಗೆ ಅವನು ಬರೆದ ಲೇಖನವೂ ಇದೆ" ಎಂದೆ.

"ಅದನ್ನ ಮದುವೆ ಆದ್ಮೇಲೆ ಹುಡುಗಿ ಓದ್ಕೋತಾಳೆ ಬಿಡು" ಎಂದರು. ವಾರದ ನಂತರ ಅವರ ಮೆಸೇಜ್ ಬಂತು. ಪತ್ರಿಕೆ ತುಂಬ ಉಪಯುಕ್ತವಾಗಿದೆ, ಮುಂದಿನ ಸಂಚಿಕೆಯಲ್ಲಿ ದಯವಿಟ್ಟು ಎತ್ತರವನ್ನೂ ಹಾಕಿ.

ಬೈಂಡ್

ಎರಡನೆಯ ಸಂಚಿಕೆ ಬಂದು ಮೂರು ತಿಂಗಳಾಗಿತ್ತು. ಲಾಸ್ ಏಂಜಲೀಸಿನಲ್ಲಿ ಕಲಾಪುಸ್ತಕಗಳ ಸಂತೆಯೊಂದು ಇತ್ತು. ನಮ್ಮಂಥ ಸಣ್ಣ ಪತ್ರಿಕೆಗಳವರೆಲ್ಲ ಒಂದೊಂದು ಮೇಜು ಹಾಕಿ ಕೂರುವ ಜಾಗ. ನಮ್ಮ ಮಟ್ಟಿಗೆ ಅದೇ ಕೊನೆಯ ಅವಕಾಶ. ಅಲ್ಲೂ ಓದುವವರು ಸಿಗದಿದ್ದರೆ ಒಪ್ಪಂದದ ಪ್ರಕಾರ ಅಂಗಡಿ ಮುಚ್ಚುವುದು.

ಅಂಥ ಸಂತೆಯಲ್ಲಿ ಜನ ಮೊದಲು ನೋಡುವುದು ಮುಖಪುಟ. ನಮ್ಮದು ಫೋಟೋಗ್ರಾಫರ್ ತೆಗೆದ ಚಿತ್ರ, ಅವನ ಜೀವನದ ಮೊದಲ ಮುಖಪುಟ. ಅವನು ಸ್ಯಾನ್ ಡಿಯಾಗೋದಿಂದ ರೈಲಿನಲ್ಲಿ ಬಂದ. ನಾನು ಹೋಗಿ ಕರೆದುಕೊಂಡು ಮನೆಗೆ ಬರುವಷ್ಟರಲ್ಲಿ, ಆರು ತಿಂಗಳಿಗೆಂದು ಬಂದಿದ್ದ ನನ್ನ ಅಮ್ಮ ಕೆಲಸ ಮುಗಿಸಿದ್ದಳು. ಎಂಬತ್ತು ಪ್ರತಿಗೂ ಬೈಂಡ್ ಹಾಕಿದ್ದಳು. ದಿನಸಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಕತ್ತರಿಸಿ, ಶಾಲೆ ಶುರುವಾಗುವ ವಾರ ನಮ್ಮ ಪುಸ್ತಕಗಳಿಗೆ ಹಾಕುತ್ತಿದ್ದ ಹಾಗೆಯೇ, ಮೂಲೆ ಮಡಿಸಿ, ನೀಟಾಗಿ. ಮೇಲೆ ಚೀಟಿ ಅಂಟಿಸಿ ಹೆಸರು, ತರಗತಿ, ವಿಷಯ ಎಂದು ಗೆರೆಯನ್ನೂ ಎಳೆದಿದ್ದಳು.

"ಹತ್ತು ಜನ ಮುಟ್ಟುವ ಜಾಗ. ಮುಖಪುಟ ಕೊಳೆ ಆಗ್ತದೆ" ಎಂದಳು. ನನಗೆ ಅಳು ಬಂತು, ನಿಜವಾಗಿ. ಸಂತೆ ತೆರೆಯಲು ಒಂದು ಗಂಟೆ ಬಾಕಿ. ಅಂಚಿಗೆಲ್ಲ ಗೋಂದು ಹಚ್ಚಿದ್ದರಿಂದ ಬಿಚ್ಚಲು ಹೋದರೆ ಮುಖಪುಟವೇ ಹರಿಯುತ್ತಿತ್ತು.

ಅಮ್ಮ ಫೋಟೋಗ್ರಾಫರನ ಬೆನ್ನು ತಟ್ಟಿ, "ಇನ್ನು ನಿನ್ನ ಫೋಟೋ ಹತ್ತು ವರ್ಷ ಆದ್ರೂ ಹಾಳಾಗುದಿಲ್ಲ ಮಗಾ" ಎಂದಳು. ನಾನು ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಂಭೀರವಾಗಿ ಕೈ ಮುಗಿದ.

"ನಿಜ ಅಮ್ಮ. ಯಾರಾದರೂ ನೋಡಿದರೆ ತಾನೇ ಹಾಳಾಗುವುದು."

ಓದಿದವರು

ಮಧ್ಯಾಹ್ನದವರೆಗೆ ನಮ್ಮ ಮೇಜಿನ ಹತ್ತಿರ ಯಾರೂ ನಿಲ್ಲಲಿಲ್ಲ. ಶಾಲೆಯ ಕಾಪಿ ಪುಸ್ತಕ ಮಾರುವವರು ಇಲ್ಲೇಕೆ ಬಂದರೋ ಎಂದು ನೋಡಿಕೊಂಡು ಹೋಗುತ್ತಿದ್ದರು. ಎರಡು ಗಂಟೆಯ ಹೊತ್ತಿಗೆ ಸಿಟಿ ಬಸ್ ಡ್ರೈವರ್ ಯೂನಿಫಾರ್ಮಿನಲ್ಲಿದ್ದ ಒಬ್ಬ ಹೆಂಗಸು ಬಂದು, "ಡ್ಯೂಟಿ ಮುಗಿಸಿ ಬಂದೆ, ಕಾಲು ನೋಯುತ್ತಿದೆ. ಈ ಕುರ್ಚಿ ಖಾಲಿಯೇ?" ಎಂದರು. ಕೂತರು. ಬೈಂಡ್ ಹಾಕಿದ್ದರಿಂದ ಒಳಗೇನಿದೆ ಎಂದು ತಿಳಿಯಲು ತೆರೆಯಲೇಬೇಕಿತ್ತು. ತೆರೆದರು.

ಮೊದಲ ಪುಟ ಓದಿದರು. ಎರಡನೆಯದು ಓದಿದರು. ಒಂದನ್ನೂ ಹಾರಿಸಲಿಲ್ಲ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ನಾವು ಮೂವರೂ ಅವರು ತಿರುಗಿಸುವ ಪುಟಗಳನ್ನೇ ಎಣಿಸುತ್ತ ನಿಂತಿದ್ದೆವು. ಬೆಲೆ ಕೇಳಲು ಬಂದ ಒಬ್ಬನನ್ನು ಎಡಿಟರ್ ಗೆಳತಿ ಶ್ ಎಂದು ಓಡಿಸಿದಳು. ಕೊನೆಗೆ ಅವರು ತಲೆ ಎತ್ತಿದರು.

"ಇದರ ಉಳಿದ ಭಾಗ ಎಲ್ಲಿ?"

ಅವರು ಬೆರಳಿಟ್ಟು ತೋರಿಸಿದ್ದು ನಾವು ಬಹಳ ಹೆಮ್ಮೆಪಟ್ಟುಕೊಂಡಿದ್ದ ಸಂದರ್ಶನ. ಸ್ಟುಡಿಯೋಗಳಲ್ಲಿ ಸಿನಿಮಾದ ಹಿನ್ನೆಲೆಯ ಪರದೆಗಳ ಮೇಲೆ ಮೂವತ್ತು ವರ್ಷ ಆಕಾಶ ಬರೆದ, ಒಮ್ಮೆಯೂ ತೆರೆಯ ಮೇಲೆ ಹೆಸರು ಬಾರದ ಮೆಕ್ಸಿಕನ್ ಹಿರಿಯರೊಬ್ಬರದು. ಕೊನೆಯ ಪ್ರಶ್ನೆ, ನೀವು ಬರೆದದ್ದರಲ್ಲಿ ಅತಿ ಕಷ್ಟದ ಆಕಾಶ ಯಾವುದು? ಉತ್ತರ, "ಅದೊಂದು ದೊಡ್ಡ ಕಥೆ. ಆ ಆಕಾಶ ಯಾವುದೆಂದರೆ". ಅಷ್ಟೇ. ಮುಂದಿನ ಪುಟ ಇರಬೇಕಾದ ಕಡೆ ಪುಟ ಕಟ್ಟುವಾಗ ನಾನು ಒಂದು ಫೋಟೋ ಹಾಕಿಬಿಟ್ಟಿದ್ದೆ.

ಮೂರು ತಿಂಗಳಿಂದ ಆ ಸಂಚಿಕೆ ಎಲ್ಲರ ಕೈಯಲ್ಲಿತ್ತು. ಪೂರ್ತಿ ಓದಿದೆ, ಅದ್ಭುತ ಎಂದು ಮೂವತ್ತು ಜನ ಸ್ನೇಹಿತರು ಬರೆದಿದ್ದರು. ಸಿನಿಮಾದಲ್ಲಿ ಒಂದು ಫ್ರೇಮ್ ಹಾರಿದರೂ ಹಿಡಿಯುವ ನಮ್ಮ ಎಡಿಟರ್ ಎರಡು ಸಲ ಪ್ರೂಫ್ ನೋಡಿದ್ದಳು. ಸ್ವತಃ ಆ ಹಿರಿಯರೇ ಫೋನ್ ಮಾಡಿ, ನಾನು ಹೇಳಿದ ಒಂದು ಮಾತನ್ನೂ ಬಿಟ್ಟಿಲ್ಲ ಎಂದು ಹೊಗಳಿದ್ದರು.

ಅಲ್ಲಿಯೇ ಅವರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಓ, ಅದು ಪೂರ್ತಿ ಇಲ್ಲವೇ? ನಾನು ನನ್ನ ಫೋಟೋ ನೋಡಿ ಎತ್ತಿಟ್ಟೆ" ಎಂದರು. ಆಮೇಲೆ ಆ ಹೆಂಗಸಿಗೆ ತಾವೇ ಉತ್ತರ ಹೇಳಿದರು. ಅತಿ ಕಷ್ಟದ್ದು ಸ್ಯಾನ್ ಡಿಯಾಗೋದ ಆಕಾಶ, ಒಂದು ಮೋಡವೂ ಇಲ್ಲದೆ ಬರೀ ನೀಲಿ, ತಪ್ಪು ಮುಚ್ಚಲು ಏನೂ ಇರುವುದಿಲ್ಲ. ಆ ಹೆಂಗಸು ಕೇಳಿ ತೃಪ್ತಿಯಿಂದ ತಲೆಯಾಡಿಸಿದರು.

ನಾನು ಸಂತೋಷ ತಡೆಯಲಾರದೆ ಅವರ ಎರಡೂ ಕೈ ಹಿಡಿದುಕೊಂಡೆ. "ಮುಂದಿನ ಸಂಚಿಕೆಯಿಂದ ನೀವೇ ನಮ್ಮ ಪ್ರೂಫ್ ನೋಡಿಕೊಡಿ. ನಮ್ಮ ಜೊತೆ ಸೇರಿಬಿಡಿ" ಎಂದೆ.

ಅವರು ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿ, ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡರು.

"ಬೇಡ. ನಾನೂ ಆ ಕಡೆ ಬಂದುಬಿಟ್ಟರೆ ನಿಮ್ಮ ಪತ್ರಿಕೆ ಓದುವವರು ಯಾರು?"