ದ್ವೇಷಕ್ಕೆ ಕಾಲಂ ಇಲ್ಲ

ವಿಶ್ವವಿದ್ಯಾಲಯ ಅಂದರೆ ಬುದ್ಧಿವಂತರ ಜಾಗ ಅಂತ ಇನ್ನೂ ನಂಬಿರುವವರು ನನ್ನ ಕೌಂಟರಿನ ಈಚೆ ಬದಿಗೆ ಬಂದು ಒಂದು ವಾರ ಕೂರಬೇಕು. ನಾನು ಅಡಿಲೇಡಿನ ಒಂದು ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿ ಸೇವೆಯ ಗುಮಾಸ್ತೆ. ನಮ್ಮ ಸಂಸ್ಥೆ ಮೂರು ಊರಲ್ಲಿ ಹರಡಿಕೊಂಡಿದೆ. ಕ್ಲಬ್ಬುಗಳಿಗೆ ದುಡ್ಡು ಕೊಡುವವರು ಪರ್ತ್‌ನಲ್ಲಿ, ಸಮಾಧಾನ ಹೇಳುವವರು ಬ್ರಿಸ್ಬೇನಿನಲ್ಲಿ, ಬೈಸಿಕೊಳ್ಳುವವಳು ಮಾತ್ರ ಇಲ್ಲಿ. ಓದುವ ಪ್ರತಿಯೊಬ್ಬರೂ ವಿದ್ಯಾರ್ಥಿ ಶುಲ್ಕ ಅಂತ ಕಟ್ಟಲೇಬೇಕು. ಕ್ಲಬ್ಬುಗಳು ಅತಿಥಿಗಳನ್ನು ಕರೆಸುವುದು ಆ ದುಡ್ಡಿನಲ್ಲೇ. ಹಾಗೆ ಕರೆಸಿದ ಪ್ರತಿ ಅತಿಥಿಯ ಹಿಂದೆಯೂ ಏನಾದರೊಂದು ನಡೆದೇ ನಡೆಯುತ್ತದೆ. ಈ ವರ್ಷ ಒಬ್ಬನೇ ಅತಿಥಿ ಐದು ಪ್ರಸಂಗಕ್ಕೆ ಸಾಕಾದ.

೧. ಅಪಾಯ

ಒಂದು ವಿದ್ಯಾರ್ಥಿ ಕ್ಲಬ್ಬಿನ ಅಧ್ಯಕ್ಷ ಅರ್ಜಿ ತಂದ. ಅತಿಥಿಯ ಹೆಸರು ನೋಡಿದೆ. ಜಗತ್ತಿನ ಬ್ಯಾಂಕು, ಪತ್ರಿಕೆ, ಕಾಯಿಲೆ, ಎಲ್ಲದರ ಹಿಂದೆಯೂ ಯಹೂದಿಗಳ ಕೈವಾಡ ಇದೆ ಅಂತ ವಿಡಿಯೊ ಮಾಡಿ ಹೆಸರಾದ ಮನುಷ್ಯ.

"ಅಪಾಯದ ಕಾಲಂ ಖಾಲಿ ಬಿಟ್ಟಿದೀಯಲ್ಲ?"

"ಮೈಕಿನ ವೈರು ಕಾಲಿಗೆ ತೊಡರಬಹುದು ಅಂತ ಬರ್ಕೊಳ್ಳಿ."

"ಭಾಷಣದಿಂದ ಏನೂ ಇಲ್ವಾ?"

ಪಾಪ, ಪ್ರಾಮಾಣಿಕವಾಗಿ ಯೋಚಿಸಿದ. "ಇಲ್ಲ. ಅವರು ಕೂತ್ಕೊಂಡೇ ಮಾತಾಡೋದು."

ಕಂಪ್ಯೂಟರು ತಕ್ಷಣ ಒಪ್ಪಿಗೆ ಕೊಟ್ಟಿತು. ಅಪಾಯ: ಕಡಿಮೆ. ವೈರಿಗೆ ಟೇಪ್ ಅಂಟಿಸಿ.

೨. ಐದು ಗುಂಡಿ

ಎರಡು ದಿನ ಬಿಟ್ಟು ನರ್ಸಿಂಗ್ ಎರಡನೇ ವರ್ಷದ ಹುಡುಗಿಯೊಬ್ಬಳು ಬಂದಳು. ಕತ್ತಿನ ಸರದ ಪುಟ್ಟ ನಕ್ಷತ್ರವನ್ನು ಅಂಗಿಯೊಳಗೆ ಸೇರಿಸಿಕೊಂಡೇ ಮಾತು ಶುರುಮಾಡಿದಳು.

"ನಾನು ಯಹೂದಿ. ಅವನು ಯಾವ ಸರ್ಕಾರವನ್ನಾದರೂ ಬೈಯಲಿ. ಇಸ್ರೇಲಿನದನ್ನ ಬೈದರೆ ಎಷ್ಟೋ ಸಲ ನಾನೂ ಜೊತೆಗಿರ್ತೀನಿ. ಆದರೆ ಇವನು ಬೈಯೋದು ನನ್ನ ಅಜ್ಜಿಯನ್ನ. ಬಾಯಿ ಮುಚ್ಚಿಸಿ ಅಂತಲೂ ಕೇಳ್ತಿಲ್ಲ. ನನ್ನ ಫೀಸಿನ ದುಡ್ಡಲ್ಲಿ ಬೇಡ, ಅಷ್ಟೇ."

ಭಾಷಣದ ದಿನ ಅವಳ ಲ್ಯಾಬ್ ಇದ್ದದ್ದು ಅದೇ ಸಭಾಂಗಣದ ಪಕ್ಕದ ಕೋಣೆಯಲ್ಲಿ. ಬರಬೇಕೋ ಬೇಡವೋ ಅನ್ನುವುದೇ ಅವಳ ಸಂಕಟ.

ದೂರಿನ ಪುಟ ತೆರೆದೆ. ಅದರಲ್ಲಿ ಐದೇ ಗುಂಡಿ: ಪಾರ್ಕಿಂಗ್, ಶುಚಿತ್ವ, ಗದ್ದಲ, ಆಹಾರ, ಕೋಣೆಯ ಉಷ್ಣಾಂಶ. ಮೊದಲು 'ಇತರೆ' ಅಂತಲೂ ಒಂದಿತ್ತು. ಎಲ್ಲರೂ ಅದನ್ನೇ ಒತ್ತುತ್ತಾರೆ ಅಂತ ಕಿತ್ತುಹಾಕಿದ್ದರು.

"ಗದ್ದಲ... ಆಗಬಹುದಾ?" ಅಂದೆ. ನನಗೇ ನಾಚಿಕೆಯಾಯಿತು.

ಮರುದಿನ ಒಬ್ಬ ಧಡೂತಿ ಮನುಷ್ಯ ಶಬ್ದ ಅಳೆಯುವ ಯಂತ್ರ ಹಿಡಿದು ಬಂದು, ಖಾಲಿ ಸಭಾಂಗಣದ ನಡುವೆ ಹತ್ತು ನಿಮಿಷ ನಿಂತ.

"ಏನೂ ಕೇಳಿಸ್ತಿಲ್ಲವಲ್ಲ."

"ಭಾಷಣ ಇರೋದು ಮುಂದಿನ ವಾರ."

"ಓ, ಹಾಗಾದ್ರೆ ತೊಂದರೆ ಇಲ್ಲ," ಅಂತ ಬರೆದುಕೊಂಡು ಹೋದ: ಸಮಸ್ಯೆ ಬಗೆಹರಿದಿದೆ.

೩. ಪರ್ತ್

ಪರ್ತ್‌ನ ಮೇಲಧಿಕಾರಿಯನ್ನು ವಿಡಿಯೊ ಕಾಲ್‌ನಲ್ಲಿ ಹಿಡಿದೆ. ಫ್ರೀಮ್ಯಾಂಟಲ್‌ನ ಮನೆಯಲ್ಲೇ ಕೂತಿದ್ದರು, ಬೆನ್ನ ಹಿಂದೆ ಬಂದರಿನ ಕ್ರೇನುಗಳು.

"ನಾವು ತಟಸ್ಥರು. ಯಾರು ಏನು ಮಾತಾಡ್ತಾರೆ ಅಂತ ನೋಡೋದೇ ಇಲ್ಲ."

"ಹೋದ ವರ್ಷ ನಮ್ಮ ಮಕ್ಕಳ ದೀಪಾವಳಿಗೆ ಮಾತ್ರ ದುಡ್ಡು ಕೊಡ್ಲಿಲ್ಲ?"

"ಅದರಲ್ಲಿ ಹಣತೆ ಇತ್ತು. ಬೆಂಕಿ ಅಲ್ವಾ?"

"ಈ ಅತಿಥಿ ಹಚ್ಚೋದೂ ಅದನ್ನೇ."

ಅವರು ಕುರ್ಚಿಯಿಂದ ಅರ್ಧ ಎದ್ದರು. "ಏನು? ಬೆಂಕಿಪೊಟ್ಟಣ ತರ್ತಾರಾ?"

"ಇಲ್ಲ."

ಮತ್ತೆ ಕೂತರು. "ಸದ್ಯ! ಹೆದರಿಸಿಬಿಟ್ರಲ್ಲ."

೪. ಬ್ರಿಸ್ಬೇನ್

ಬ್ರಿಸ್ಬೇನಿನ ಯೋಗಕ್ಷೇಮ ವಿಭಾಗದಲ್ಲಿರುವವಳು ನನ್ನ ಸ್ನೇಹಿತೆ. ಮಂಗಳೂರಿನವಳು, ಕುವೈತ್ ಸುತ್ತಿಕೊಂಡು ಬಂದು ಈಗ ಕ್ಯಾಲಮ್‌ವೇಲ್‌ನಲ್ಲಿ ಮನೆ ಮಾಡಿದ್ದಾಳೆ. ಮನಸ್ಸು ಒಳ್ಳೆಯದು, ಕಷ್ಟ ಹೇಳಿಕೊಂಡವರನ್ನು ಬರಿಗೈಲಿ ಕಳಿಸುವವಳಲ್ಲ.

"ದುಡ್ಡು ನಿಲ್ಲಿಸ್ಲಿಕ್ಕೆ ನನ್ನ ಕೈಯಲ್ಲಿ ಎಂತ ಉಂಟು ಮಾರಾಯ್ತಿ? ಆ ಹುಡುಗಿಗೆ ಒಂದು ಪಾರ್ಸೆಲ್ ಕಳಿಸ್ತೇನೆ."

ಪಾರ್ಸೆಲ್ ಬಂತು. ಲ್ಯಾವೆಂಡರ್ ಟೀ, ಬಣ್ಣ ತುಂಬುವ ಪುಸ್ತಕ, ಸಿಟ್ಟು ಬಂದಾಗ ಹಿಂಡಲು ಒಂದು ರಬ್ಬರ್ ಚೆಂಡು. ಜೊತೆಗೊಂದು ಚೀಟಿ: 'ಆ ದಿನ ಕ್ಯಾಂಪಸ್ಸಿಗೆ ಬಾರದೆ ಮನೆಯಲ್ಲೇ ಇದ್ದರೆ ನಿಮಗೆ ಹಿತವೆನಿಸಬಹುದು.'

"ಲ್ಯಾಬ್ ತಪ್ಪಿದರೆ ಹಾಜರಿ ಕೊಡ್ತಾರಾ?" ಅಂತ ಹುಡುಗಿ ಕೇಳಿದಳು. ಸ್ನೇಹಿತೆಗೆ ಫೋನ್ ಮಾಡಿ ವಿಚಾರಿಸಿದೆ.

"ಹಾಜರಿ ನಂದಲ್ಲ ಮಾರಾಯ್ತಿ. ಚೆಂಡು ಮಾತ್ರ ನಂದು."

ಹುಡುಗಿ ಚೆಂಡನ್ನು ಹಿಂಡುತ್ತ ನಿಂತಿದ್ದಳು. "ಇದೂ ನನ್ನ ಫೀಸಿಂದಲೇನಾ?"

"ಹೂಂ."

"ಅವನಿಗೆ ವಿಮಾನದ ಟಿಕೆಟ್, ನನಗೆ ಚೆಂಡು," ಅಂದಳು. ಅಷ್ಟರಲ್ಲಿ ಚೆಂಡು ಒಡೆದುಹೋಯಿತು.

೫. ಕೇಕು

ಭಾಷಣದ ದಿನ ಬೆಳಿಗ್ಗೆ ಕಿಲ್ಬರ್ನ್‌ನಿಂದ ಬಸ್ಸು ಹಿಡಿದು ಬಂದು ಬಾಗಿಲು ತೆಗೆಯುತ್ತೇನೆ, ಗೋಡೆಯ ಮೇಲೆ ಹೊಸ ಪೋಸ್ಟರು: 'ಬಂದವರಿಗೆಲ್ಲ ಮನೆಯಲ್ಲೇ ಮಾಡಿದ ಕೇಕ್ ಉಚಿತ.' ನೋಡುತ್ತ ನಿಂತೆ. ಇಷ್ಟು ವರ್ಷ ಉಪ್ಪು ತಿಂದ ಮನೆಯ ಗುಟ್ಟು ನನಗೆ ಗೊತ್ತಿಲ್ಲವೆ? ನಿನ್ನ ದೂರಿಗೆ ಇನ್ನೊಮ್ಮೆ ಕೈ ಹಾಕಲಾ ಅಂತ ಹುಡುಗಿಗೆ ಫೋನ್ ಮಾಡಿ ಕೇಳಿದೆ, ಅವಳು ಹೂಂ ಅಂದಳು. ಅವಳ ದೂರನ್ನು ಮತ್ತೆ ತೆರೆದು 'ಆಹಾರ' ಒತ್ತಿದೆ. 'ಕೇಕಿಗೆ ಪದಾರ್ಥಗಳ ಪಟ್ಟಿ ಇಲ್ಲ. ಕಡಲೆಕಾಯಿ ಇದೆಯೋ ಇಲ್ಲವೋ ತಿಳಿಯದು. ಅಲರ್ಜಿ ಇದ್ದವರ ಪ್ರಾಣಕ್ಕೇ ಅಪಾಯ.'

ಏಳೇ ನಿಮಿಷ. ಪರ್ತ್‌ನಲ್ಲಿ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ, ತಟಸ್ಥ ಮೇಲಧಿಕಾರಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಫೋನ್ ಮಾಡಿದರು: "ಯಾರೂ ಒಳಗೆ ಹೋಗಬಾರದು!" ಬ್ರಿಸ್ಬೇನಿಂದ ಸ್ನೇಹಿತೆ: "ಯಾರಿಗಾದ್ರೂ ಉಸಿರು ಕಟ್ಟಿತಾ ಮಾರಾಯ್ತಿ?" ಸಭಾಂಗಣಕ್ಕೆ ಬೀಗ ಬಿತ್ತು, ಬಾಗಿಲಿಗೆ ಹಳದಿ ಪಟ್ಟಿ ಬಂತು. ಶಬ್ದ ಅಳೆಯುವ ಧಡೂತಿ ಮನುಷ್ಯನೇ ಕೈಕಟ್ಟಿ ಕಾವಲು ನಿಂತ. ಅತಿಥಿ ಹೊರಗೆ ಬಿಸಿಲಲ್ಲಿ ಅರ್ಧ ಗಂಟೆ ನಿಂತು ಹೊರಟುಹೋದ.

ಹುಡುಗಿ ಲ್ಯಾಬ್ ಮುಗಿಸಿ ನೇರ ನನ್ನ ಹತ್ತಿರ ಬಂದಳು. ಸಂಸ್ಥೆಯಿಂದ ಬಂದ ಮಿಂಚಂಚೆ ಓದಿದಳು: "'ವಿದ್ಯಾರ್ಥಿಗಳ ಸುರಕ್ಷತೆಗೆ ಕುತ್ತು ತರುವ ಯಾವುದನ್ನೂ ನಾವು ಸಹಿಸುವುದಿಲ್ಲ. ವಿಷಯ: ಕೇಕು.'"

ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಆಮೇಲೆ ಅವಳೇ ನಿಲ್ಲಿಸಿದಳು.

"ಕಡಲೆಕಾಯಿ ಅಲರ್ಜಿ ಅಂದಿದ್ದರೆ ಮೊದಲ ದಿನವೇ ನಂಬ್ತಿದ್ರಲ್ಲ."

ಅಷ್ಟರಲ್ಲಿ ಕಂಪ್ಯೂಟರು 'ಟಿಂಗ್' ಅಂತು. ಕ್ಲಬ್ಬಿನ ಹೊಸ ಅರ್ಜಿ. ಮುಂದಿನ ಗುರುವಾರ, ಅದೇ ಅತಿಥಿ, ಅದೇ ಸಭಾಂಗಣ, ಖರ್ಚು ವಿದ್ಯಾರ್ಥಿ ಶುಲ್ಕದಿಂದ. ತಿಂಡಿ: ಅಂಗಡಿಯ ಪ್ಯಾಕೆಟ್ ಬಿಸ್ಕತ್ತು. ಅಪಾಯ: ಕಡಿಮೆ.

ಪರದೆಯನ್ನು ಅವಳ ಕಡೆ ತಿರುಗಿಸಿದೆ. ಓದಿದಳು. ಕುರ್ಚಿ ಎಳೆದುಕೊಂಡು ಪಕ್ಕ ಕೂತು, ದೂರಿನ ಪುಟ ತೆಗೆಸಿ, ಐದು ಗುಂಡಿಗಳಲ್ಲಿ ಮೊದಲನೆಯದರ ಮೇಲೆ ಬೆರಳಿಟ್ಟಳು.

"ಅವನನ್ನ ಕರ್ಕೊಂಡು ಬರೋ ಕಾರು ಎಲ್ಲಿ ನಿಲ್ಲಿಸ್ತಾರೆ?"