ಬೊಳ್ಳುವಿನ ಮಧ್ಯಾಹ್ನದ ಗೈರುಹಾಜರಿ

ಅನುಮಾನ ಪಡುವುದು ಕೆಟ್ಟ ಗುಣವೆಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರ ಮೇಲೂ ನನಗೆ ಸ್ವಲ್ಪ ಅನುಮಾನವಿದೆ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನಾನು ಪ್ರತಿ ವರ್ಷ ಪರೀಕ್ಷೆಯ ದಿನಗಳನ್ನು ಮೇಲ್ವಿಚಾರಕನಾಗಿ ಕಳೆಯುತ್ತೇನೆ. ಅಲ್ಲಿ ಅನುಮಾನವೇ ನನ್ನ ಕೆಲಸ. ತಲೆಯೆತ್ತಿ ಫ್ಯಾನು ನೋಡುವವರು, ತಲೆ ತಗ್ಗಿಸಿ ಚಪ್ಪಲಿ ನೋಡುವವರು, ಯಾರನ್ನೂ ನೋಡದೆ ಸುಮ್ಮನೆ ಬರೆಯುವವರು, ಮೂವರೂ ನನ್ನ ದೃಷ್ಟಿಯಲ್ಲಿ ಒಂದೇ. ಒಮ್ಮೆ ಒಬ್ಬಳು ಹುಡುಗಿ ಪದೇ ಪದೇ ಕರ್ಚೀಫು ತೆಗೆದು ಮುಖಕ್ಕೆ ಹಿಡಿಯುತ್ತಿದ್ದುದನ್ನು ಕಂಡು ಅದನ್ನು ವಶಪಡಿಸಿಕೊಂಡು ಬಿಚ್ಚಿ ನೋಡಿದೆ. ಒಳಗೆ ಬೆವರು ಮಾತ್ರ ಇತ್ತು. ಕಷ್ಟವೇನೆಂದರೆ, ಪರೀಕ್ಷೆ ಮುಗಿದು ರಜೆ ಸಿಕ್ಕಿದ ಮೇಲೂ ಈ ಅಭ್ಯಾಸ ನನ್ನ ಜೊತೆಗೇ ಬಸ್ಸು ಹತ್ತಿ ನರಿಕೊಂಬಿನ ಮನೆಗೆ ಬರುತ್ತದೆ. ನನ್ನ ಹೆಂಡತಿ ಶಶಿ ಹೇಳುವುದುಂಟು: "ಪರೀಕ್ಷೆ ಮುಗಿದದ್ದು ಮಕ್ಕಳಿಗೆ ಮಾತ್ರ. ನಿಮಗೆ ಇನ್ನೂ ಮುಗಿಯಲಿಲ್ಲ."

ಈ ಸಲದ ರಜೆಯಲ್ಲಿ ನನ್ನ ಅನುಮಾನಕ್ಕೆ ಸಿಕ್ಕಿದ್ದು ನಮ್ಮ ನಾಯಿ ಬೊಳ್ಳು. ಬಿಳಿಯ ನಾಯಿಗೆ ತುಳುವಿನಲ್ಲಿ ಇಡುವ ಹೆಸರು ಅದು. ಹೆಸರಿಗೆ ತಕ್ಕ ಬಣ್ಣವನ್ನು ಅವನು ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಕಾಪಾಡಿಕೊಂಡಿದ್ದಾನೆ. ಈ ವರ್ಷದ ಸೆಕೆಯೋ ಸೆಕೆ. ಹೊಳೆಯ ಪಕ್ಕದ ಊರು, ತಂಪಾಗಿರಬಹುದು ಎಂದು ದೂರದವರು ಹೇಳುತ್ತಾರೆ. ಬಂದು ಒಂದು ಮಧ್ಯಾಹ್ನ ಕುಳಿತುಕೊಂಡರೆ ಗೊತ್ತಾಗುತ್ತದೆ, ಗಾಳಿಯೂ ನಮ್ಮ ಹಾಗೆಯೇ ಎಲ್ಲೋ ನೆರಳು ಹುಡುಕಿಕೊಂಡು ಹೋಗಿರುತ್ತದೆ. ಅಂಥ ಒಂದು ದಿನ ನಾನು ಮಜ್ಜಿಗೆ ಪ್ಯಾಕೆಟು ತರಲು ಅಂಗಡಿಗೆ ಹೊರಟಾಗ ಬೊಳ್ಳು ಹಿಂದೆಯೇ ಬಂದ. ಹಿಂತಿರುಗುವಾಗ ಡಾಂಬರು ಕಾದ ಕಾವಲಿಯಂತಾಗಿತ್ತು. ಗೇಟಿನ ಹತ್ತಿರ ಬಂದವನೇ ನಾಲಿಗೆ ಹೊರಚಾಚಿ ಕುಸಿದು ಬಿದ್ದ. ಕರೆದರೆ ಬಾಲವೂ ಅಲ್ಲಾಡಲಿಲ್ಲ. ರಿಕ್ಷಾದಲ್ಲಿ ಬಂಟ್ವಾಳಕ್ಕೆ ಒಯ್ಯುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು, ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಪಶುವೈದ್ಯರು ಅವನ ಪಾದ, ಹೊಟ್ಟೆಗಳನ್ನು ಒದ್ದೆ ಮಾಡಿ, ಇಂಜೆಕ್ಷನ್ ಕೊಟ್ಟು, ಅವನು ಎದ್ದು ನಿಂತ ಮೇಲೆ ನನ್ನ ಕಡೆ ತಿರುಗಿದರು. "ಬಿಸಿಲಿಗೆ ರಸ್ತೆಗೆ ಇಳಿಸಬೇಡಿ. ನೆರಳು ಬೇಕು, ಕುಡಿಯಲಿಕ್ಕೆ ನೀರು ಬೇಕು, ಗಾಳಿ ಬೇಕು. ಐಸ್ ನೀರು ಸುರಿಯುವುದು ಎಲ್ಲ ಬೇಡ. ಇನ್ನೊಮ್ಮೆ ಹೀಗಾದರೆ ಕಷ್ಟ ಉಂಟು ಮಾಸ್ಟ್ರೆ," ಎಂದರು.

ಆ ಕೊನೆಯ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಮರುದಿನ ಬೆಳಿಗ್ಗೆಯೇ ಕಾರ್ಯಾಚರಣೆ ಆರಂಭಿಸಿದೆ. ನಾಯಿಗೂಡಿನ ಮೇಲೆ ಹೆಣೆದ ತೆಂಗಿನ ಮಡಲು ಹೊದೆಸಿ ಅದಕ್ಕೆ ಪೈಪಿನಲ್ಲಿ ನೀರು ಹೊಡೆದೆ. ಗೂಡಿನ ಒಳಗೆ ಒದ್ದೆ ಗೋಣಿ ಹಾಸಿದೆ. ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟು, ಅದು ಬಿಸಿಯಾಯಿತೋ ಏನೋ ಎಂಬ ಅನುಮಾನ ಬಂದಾಗಲೆಲ್ಲ ಚೆಲ್ಲಿ ಹೊಸ ನೀರು ತುಂಬಿಸಿದೆ. ಅಂಗಳಕ್ಕೆ ನೀರು, ಗೋಡೆಗೆ ನೀರು, ಜಗಲಿಯ ಮಾಡಿನ ಶೀಟಿಗೆ ನೀರು. ಅಟ್ಟದಲ್ಲಿದ್ದ ಹಳೆಯ ಟೇಬಲ್ ಫ್ಯಾನನ್ನು ಇಳಿಸಿ ಗೂಡಿನ ಬಾಗಿಲಿಗೆ ಇಟ್ಟೆ. ಅದು ತಿರುಗುವಾಗ ಚೆಂಡೆ ಬಡಿದಂತೆ ಸದ್ದು ಮಾಡುತ್ತಿತ್ತು, ಆದರೆ ಗಾಳಿ ಗಾಳಿಯೇ. ಇಷ್ಟು ಮಾಡಿ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತು, ಆಗಾಗ ಅವನ ಕಿವಿ ಮುಟ್ಟಿ, ಹೊಟ್ಟೆ ಮುಟ್ಟಿ, ತಂಪಾಗಿದ್ದಾನೆಯೇ ಎಂದು ಪರೀಕ್ಷಿಸುತ್ತಿದ್ದೆ. ಅವನು ಕಣ್ಣು ಮುಚ್ಚಿದರೆ ನಿದ್ರೆಯೋ ಪ್ರಜ್ಞೆ ತಪ್ಪಿದ್ದೋ ಎಂಬ ಅನುಮಾನದಿಂದ ಎಬ್ಬಿಸಿ ಖಚಿತಪಡಿಸಿಕೊಳ್ಳುತ್ತಿದ್ದೆ. ಮನೆಯ ಬೆಕ್ಕಿಗೂ ಇಂಥದೇ ವ್ಯವಸ್ಥೆ ಮಾಡಬೇಕೆಂದು ಹುಡುಕಿದರೆ, ಅದು ಯಾರ ಸಲಹೆಯನ್ನೂ ಕೇಳದೆ ಹಿತ್ತಲಿನಲ್ಲಿದ್ದ ಹಿಟ್ಟು ಕಡೆಯುವ ಕಲ್ಲಿನ ಗುಳಿಯೊಳಗೆ ಉಂಡೆಯಾಗಿ ಮಲಗಿತ್ತು. ಕೊಕ್ಕಡದ ಭಾವ ಫೋನಿನಲ್ಲಿ ಎಲ್ಲವನ್ನೂ ಕೇಳಿ, "ನಾಯಿಗೆ ಇಷ್ಟು ಉಪಚಾರವಾ? ಹಾಗಾದರೆ ಈ ಸಲ ರಜೆಗೆ ನಾನೂ ಬರ್ತೇನೆ ಮಾರಾಯ, ಗೂಡು ಸ್ವಲ್ಪ ದೊಡ್ಡದು ಮಾಡು," ಎಂದ.

ಇಷ್ಟೆಲ್ಲ ಆದ ಮೇಲೆ, ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಬಂದು ನೋಡಿದರೆ ಗೂಡು ಖಾಲಿ. ಫ್ಯಾನು ಒದ್ದೆ ಗೋಣಿಗೆ ಗಾಳಿ ಹಾಕುತ್ತಿತ್ತು. ಕರೆದೆ, ಸೀಟಿ ಹೊಡೆದೆ, ರಸ್ತೆಯ ತನಕ ಹೋಗಿ ಬಂದೆ. ಎಲ್ಲಿ ಬಿದ್ದಿದ್ದಾನೋ ಎಂದು ಹಿತ್ತಲೆಲ್ಲ ಹುಡುಕುತ್ತಿರುವಾಗ, ಬಿಸಿಲು ಇಳಿಯುವ ಹೊತ್ತಿಗೆ ಸರಿಯಾಗಿ, ಕಚೇರಿ ಮುಗಿಸಿ ಬಂದವನ ಹಾಗೆ ಬಂದ. ಮುಟ್ಟಿ ನೋಡಿದೆ. ಹೊಟ್ಟೆ ತಣ್ಣಗಿತ್ತು. ನಾನು ಅಷ್ಟು ಪ್ರಯತ್ನಪಟ್ಟೂ ಒಂದು ದಿನವೂ ಅಷ್ಟು ತಣ್ಣಗಾಗಿರಲಿಲ್ಲ. ಸಂತೋಷವಾಗಬೇಕಿತ್ತು, ಅನುಮಾನವಾಯಿತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. ಸಂಜೆಯ ಅನ್ನವನ್ನು ಮೂಸಿ ಬಿಡುತ್ತಿದ್ದ, ಅಂದರೆ ಬೇರೆಲ್ಲೋ ಊಟವಾಗಿದೆ. ಒಂದು ಸಂಜೆ ಮಂಡಿಯೂರಿ ಅವನ ಮೂತಿ ಮೂಸಿದೆ. ಇಂಗಿನ ವಾಸನೆ. ಜೊತೆಗೆ ಮೆಣಸು, ಕೊತ್ತಂಬರಿ. ಬಾಗಿಲಲ್ಲಿ ನಿಂತಿದ್ದ ಶಶಿ, "ಅವನು ನಿಮ್ಮನ್ನು ಮೂಸಿದರೆ ಒಂದು ಅರ್ಥ ಉಂಟು," ಎಂದು ಒಳಗೆ ಹೋದಳು. ಅವಳಿಗೆ ಏನೋ ಗೊತ್ತಿದೆ ಎಂಬ ಅನುಮಾನವೂ ಆಗಲೇ ಬಂತು.

ಈ ನಡುವೆ ಇನ್ನೊಂದು ಸಂಗತಿ. ನಮ್ಮ ಬಾವಿಯ ಒಳಗೋಡೆಯಲ್ಲಿ ಒಂದು ಕಲ್ಲು ತುಸು ಮುಂದೆ ಚಾಚಿಕೊಂಡಿದೆ. ಎಂಥ ಬೇಸಗೆಯಲ್ಲೂ ಅದು ನೀರಿನಿಂದ ಹೊರಗೆ ಕಾಣುವುದು ಪತ್ತನಾಜೆಯ ಹೊತ್ತಿಗೆ, ಅಂದರೆ ಇನ್ನೇನು ಮಳೆ ಬರುತ್ತದೆ ಎನ್ನುವಾಗ. ಈ ವರ್ಷ ಏಪ್ರಿಲ್ ನಡುವೆ ಬರುವ ಬಿಸು ಹಬ್ಬದ ಪಾಯಸದ ರುಚಿ ಬಾಯಲ್ಲಿರುವಾಗಲೇ ಕಲ್ಲು ಪೂರ್ತಿ ಹೊರಗೆ ಬಂದಿತ್ತು. ನೀರು ಹೋದದ್ದೆಲ್ಲಿ? ಇತಿಹಾಸದ ಮೇಷ್ಟ್ರಾದ ನನಗೆ ಎರಡು ಘಟನೆಗಳನ್ನು ಜೋಡಿಸಲು ಎಷ್ಟು ಹೊತ್ತು ಬೇಕು? ಕೋಟೆ ಬೀಳುವುದಕ್ಕೆ ಮೊದಲು ಕಾವಲುಗಾರ ಬೀಳುತ್ತಾನೆ. ಯಾರೋ ಇಂಗು ಹಾಕಿದ ತಿಂಡಿ ಕೊಟ್ಟು ನಮ್ಮ ನಾಯಿಯನ್ನು ಒಲಿಸಿಕೊಂಡಿದ್ದಾರೆ. ನಾನು ಊಟ ಮಾಡಿ ಮಲಗಿರುವಾಗ ನಮ್ಮ ನೀರು ಒಯ್ಯುತ್ತಿದ್ದಾರೆ. ಹಾಗೆ ಮಾಡಬಲ್ಲವರು ಒಬ್ಬರೇ, ಬೇಲಿಯಾಚೆಯ ಸುಂದರಣ್ಣ. ಪುಣೆಯಲ್ಲಿ ಬಹಳ ಕಾಲ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದವರು. ಗಿರಾಕಿಯನ್ನು ಒಲಿಸಿಕೊಳ್ಳುವ ವಿದ್ಯೆ ಅವರಿಗೆ ಕರಗತ. ಬೊಳ್ಳು ಎಲ್ಲರಿಗೂ ಬೊಗಳುತ್ತಾನೆ, ನನ್ನ ಭಾವನಿಗಂತೂ ಎರಡು ಸಲ ಬೊಗಳುತ್ತಾನೆ. ಸುಂದರಣ್ಣನನ್ನು ಕಂಡರೆ ಮಾತ್ರ ಬಾಲ ಅಲ್ಲಾಡಿಸುತ್ತಾನೆ. ನೀರು ಹೋದದ್ದಕ್ಕಿಂತ ನನಗೆ ನೋವಾದದ್ದು ಅದೇ. ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ನಾಯಿ ಅದು.

ಸಾಕ್ಷಿ ಬೇಕಿತ್ತು. ಮರುದಿನ ಊಟಕ್ಕೆ ಕೂರದೆ, ತಲೆಗೆ ಬೈರಾಸು ಸುತ್ತಿಕೊಂಡು, ಟ್ಯಾಂಕು ನೋಡಿ ಬರುತ್ತೇನೆಂದು ಟೆರೇಸು ಹತ್ತಿದೆ. ಸದ್ದಾಗಬಾರದೆಂದು ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟಿದ್ದೆ. ಟೆರೇಸಿನ ಮೇಲೆ ಮೊದಲ ಹೆಜ್ಜೆ ಇಟ್ಟಾಗ, ಡಾಂಬರು ರಸ್ತೆಯಲ್ಲಿ ಬೊಳ್ಳು ಅನುಭವಿಸಿದ್ದು ಏನೆಂದು ಪಾದದಿಂದ ನೆತ್ತಿಯ ತನಕ ಅರ್ಥವಾಯಿತು. ಕುಣಿಯುತ್ತಲೇ ಟ್ಯಾಂಕಿನ ನೆರಳು ಸೇರಿ ಇಣುಕಿದೆ. ಸುಂದರಣ್ಣನ ಅಂಗಳದಲ್ಲಿ ಒಂದು ಹಳೆಯ ಮಂಚ, ಮಂಚದ ಮೇಲೆ ಚಾಪೆ, ಚಾಪೆಯ ತುಂಬ ಸಾಲಾಗಿ ಹಲಸಿನ ಹಪ್ಪಳ. ಮಂಚದ ಕೆಳಗಿನ ನೆರಳಿನಲ್ಲಿ ಒದ್ದೆ ಹೊಯ್ಗೆ, ಅಂದರೆ ಮರಳು, ಹರಡಿತ್ತು, ಅದರ ಮೇಲೆ ಹೊಟ್ಟೆ ಊರಿ, ನಾಲ್ಕು ಕಾಲುಗಳನ್ನೂ ಚಾಚಿ ಮಲಗಿದ್ದವನು ಬೊಳ್ಳು. ಒಂದು ಕಾಗೆ ಬಂದು ಮಂಚದ ತುದಿಗೆ ಕುಳಿತಿತು. ಬೊಳ್ಳು ಏಳಲಿಲ್ಲ, ಮಲಗಿದಲ್ಲಿಂದಲೇ ಒಮ್ಮೆ ಬೊಗಳಿದ. ಕಾಗೆ ಹೋಯಿತು. ಜಗಲಿಯಲ್ಲಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಕುಳಿತಿದ್ದ ಸುಂದರಣ್ಣ, "ಹಾಂ, ಹಾಗೆ," ಎಂದು ಮೆಚ್ಚಿಕೊಂಡರು. ನಮ್ಮ ನಾಯಿ ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕೆ ಸೇರಿತ್ತು. ಅದೂ ಒದ್ದೆ ಹೊಯ್ಗೆಯ ಮೇಲೆ. ಈ ಬರಗಾಲದಲ್ಲಿ ಹೊಯ್ಗೆ ಒದ್ದೆ ಮಾಡಲು ನೀರು ಎಲ್ಲಿಂದ?

ಅಲ್ಲಿಂದ ನೇರವಾಗಿ ಇಳಿದು, ಬೇಲಿಯ ಸಂದಿನಲ್ಲಿ ನುಗ್ಗಿ, ಬಿಸಿಲಲ್ಲಿ ಅವರ ಅಂಗಳಕ್ಕೆ ಹೋದೆ. ಹೇಳಬೇಕಾದ ಮಾತುಗಳನ್ನು ದಾರಿಯಲ್ಲೇ ಜೋಡಿಸಿಕೊಂಡಿದ್ದೆ. ಬೊಳ್ಳು ನನ್ನನ್ನು ನೋಡಿ ಬಾಲವನ್ನು ಹೊಯ್ಗೆಯ ಮೇಲೆ ಎರಡು ಸಲ ಬಡಿದು ಮತ್ತೆ ಕಣ್ಣು ಮುಚ್ಚಿದ. ನಾನು ಬಾಯಿ ತೆರೆಯುವ ಮೊದಲೇ ಸುಂದರಣ್ಣ ಎದ್ದು ನಿಂತರು. "ಎಂತ ಮಾಸ್ಟ್ರೆ, ಈ ಬಿಸಿಲಿಗೆ ಚಪ್ಪಲಿ ಇಲ್ಲದೆ? ಬನ್ನಿ, ಕೂತ್ಕೊಳ್ಳಿ. ಗುಲಾಬೀ, ಬೆಲ್ಲ ನೀರು ತಾ." ನಮ್ಮ ಕಡೆಯ ಸಂಪ್ರದಾಯ ನಿಮಗೆ ಗೊತ್ತಲ್ಲ. ಮನೆಗೆ ಬಂದವನಿಗೆ ಮೊದಲು ಬೆಲ್ಲ, ನೀರು. ಅದು ಮುಗಿಯುವ ತನಕ ಸಾವಿನ ಸುದ್ದಿಯನ್ನೂ ಯಾರೂ ಹೇಳುವುದಿಲ್ಲ. ನೀರು ಕದ್ದವರೆಂದು ಹೇಳಲು ಬಂದವನ ಕೈಯಲ್ಲಿ ಅವರ ಹೆಂಡತಿ ಗುಲಾಬಿಯಕ್ಕ ನೀರಿನ ಚೊಂಬನ್ನೇ ಇಟ್ಟರು. ಕುಡಿದೆ. ಬಾಯಾರಿಕೆ ಎಷ್ಟಿತ್ತೆಂದರೆ ಚೊಂಬು ಖಾಲಿಯಾಯಿತು. ನೀರು ಕುಡಿದ ಮೇಲೆ ಆ ಮಾತನ್ನು ಹೇಗೆ ತೆಗೆಯುವುದು ಎಂದು ತಿಳಿಯದೆ, "ಹೊಯ್ಗೆ ಒಳ್ಳೆ ತಂಪು ಉಂಟಲ್ಲ," ಎಂದು ಸುತ್ತಿ ಬಳಸಿ ಕೇಳಿದೆ.

"ಅಕ್ಕಿ ತೊಳೆದ ನೀರು, ಹಲಸಿನ ಸೊಳೆ ಬೇಯಿಸಿದ ನೀರು, ಕೈ ತೊಳೆದ ನೀರು, ಎಲ್ಲ ಆರಿದ ಮೇಲೆ ಅಲ್ಲಿಗೇ," ಎಂದರು ಸುಂದರಣ್ಣ. "ಮೇಲೆ ಹಪ್ಪಳ ಒಣಗಬೇಕು, ಕೆಳಗೆ ಅವನು ಒಣಗಬಾರದು. ಮಧ್ಯಾಹ್ನಕ್ಕೆ ಸ್ವಲ್ಪ ಗಂಜಿ ತಿಳಿ ಕೊಡ್ತೇವೆ. ಹಪ್ಪಳದ ಹಿಟ್ಟು ನಾವು ಕೊಡುವುದಿಲ್ಲ, ಖಾರ ನಾಯಿಗೆ ಆಗುವುದಿಲ್ಲ. ಆದರೂ ಒರಳನ್ನು ಒಮ್ಮೆ ಮೂಸದೆ ಬಿಡುವುದಿಲ್ಲ ಅವನು. ಮಧ್ಯಾಹ್ನ ಫ್ಯಾನಿನ ಸದ್ದು ಶುರುವಾದ ಕೂಡಲೇ ಓಡಿ ಬರ್ತಾನೆ. ನೀವೇ ಕಳಿಸುವುದು ಅಂತ ನಾನು ಎಣಿಸಿದ್ದು." ಆಮೇಲೆ ಬೀಸಣಿಗೆಯನ್ನು ಪಕ್ಕಕ್ಕಿಟ್ಟು, ನನ್ನ ಕಡೆ ಸ್ವಲ್ಪ ಬಾಗಿ, ದನಿ ತಗ್ಗಿಸಿದರು. "ಮಾಸ್ಟ್ರೆ, ಬೇಜಾರು ಮಾಡಬೇಡಿ, ಒಂದು ಮಾತು ಕೇಳ್ತೇನೆ. ನಿಮ್ಮ ಪಂಪು ದಿನ ಇಡೀ ಓಡ್ತಾ ಉಂಟು. ಅಷ್ಟು ನೀರು ಎಂತ ಮಾಡ್ತೀರಿ? ಒರತೆ ಎರಡು ಬಾವಿಗೂ ಒಂದೇ ಅಲ್ವಾ. ನಮ್ಮಲ್ಲಿ ಕೊಡಪಾನ ಬಾವಿಯ ತಳಕ್ಕೆ ಮುಟ್ಟುತ್ತಾ ಉಂಟು. ನೀವು ಯಾರಿಗಾದರೂ ಟ್ಯಾಂಕರಿಗೆ ನೀರು ಮಾರ್ತಾ ಇದ್ದೀರಾ ಅಂತ ನನಗೊಂದು ಸಣ್ಣ ಡೌಟು."

ನಾನು ಪರೀಕ್ಷಾ ಕೊಠಡಿಯಲ್ಲಿ ಎಷ್ಟೋ ಮುಖಗಳು ಬಿಳಚಿಕೊಂಡದ್ದನ್ನು ನೋಡಿದ್ದೇನೆ. ನನ್ನದು ಹೇಗಿತ್ತೆಂದು ನೋಡಲು ಅಲ್ಲಿ ಕನ್ನಡಿ ಇರಲಿಲ್ಲ. ಬಾವಿಯ ಕಲ್ಲನ್ನು ಹೊರಗೆ ತಂದವನು ಯಾರೆಂದು ನನಗೆ ಆಗಲೇ ಗೊತ್ತಾಗಿತ್ತು. ಅಂಗಳಕ್ಕೆ, ಗೋಡೆಗೆ, ಶೀಟಿಗೆ, ಖಾಲಿ ಗೂಡಿಗೆ ನೀರು ಹೊಡೆದು ಎರಡು ಮನೆಯ ಬಾವಿಯನ್ನು ಬತ್ತಿಸಿದ ಆಸಾಮಿ ಅವರ ಜಗಲಿಯಲ್ಲಿ ಕುಳಿತು, ಅವರದೇ ಬಾವಿಯ ನೀರು ಕುಡಿದು, ಬೆಲ್ಲದ ಚೂರನ್ನು ಬಾಯಲ್ಲಿ ಇಟ್ಟುಕೊಂಡಿದ್ದ. "ನಾಯಿಗೆ... ಗೂಡಿಗೆ..." ಎಂದು ಏನೋ ಹೇಳಿದೆ. ಬೊಳ್ಳು ಮಂಚದ ಕೆಳಗೆ ದೀರ್ಘವಾಗಿ ಉಸಿರು ಬಿಟ್ಟ. ಇನ್ನು ಪಂಪು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಎಂದು ಮಾತು ಕೊಟ್ಟು ಮನೆಗೆ ಬಂದು ಫ್ಯಾನನ್ನು ಅಟ್ಟಕ್ಕೆ ಹತ್ತಿಸಿದೆ. ನಾಯಿ ಎಲ್ಲಿಗೆ ಹೋಗುತ್ತದೆಂದು ನಿನಗೆ ಮೊದಲೇ ಗೊತ್ತಿತ್ತೇ ಎಂದು ಶಶಿಯನ್ನು ಕೇಳಿದೆ. "ಗೊತ್ತಿತ್ತು. ಹಲಸಿನಕಾಯಿ ಕೊಟ್ಟದ್ದೇ ನಾನು. ಕೇಳಿದ್ದರೆ ಹೇಳ್ತಿದ್ದೆ. ನೀವು ಕೇಳಲಿಲ್ಲ, ಅನುಮಾನ ಪಟ್ಟಿರಿ," ಎಂದಳು.

ಈಗ ಮಧ್ಯಾಹ್ನ ಊಟವಾದ ಮೇಲೆ ನಾನೂ ಸುಂದರಣ್ಣನ ಜಗಲಿಗೇ ಹೋಗುತ್ತೇನೆ. ಅಲ್ಲಿ ನಿಜವಾಗಿಯೂ ತಂಪು. ಅವರು ಒಂದು ನಿದ್ರೆ ತೆಗೆಯುವ ತನಕ ಹಪ್ಪಳ ನೋಡಿಕೊಳ್ಳುವ ಜವಾಬ್ದಾರಿ ನನಗೂ ಬೊಳ್ಳುವಿಗೂ. ಅರ್ಧ ಒಣಗಿದ ಹಲಸಿನ ಹಪ್ಪಳದ ರುಚಿ ತಿಂದವರಿಗೆ ಮಾತ್ರ ಗೊತ್ತು. ಸುಡಬೇಕಿಲ್ಲ, ಕರಿಯಬೇಕಿಲ್ಲ, ಸುರುಳಿ ಸುತ್ತಿ ಬಾಯಿಗೆ ಹಾಕಿದರಾಯಿತು. ನಿನ್ನೆ ಸುಂದರಣ್ಣ ಗೊರಕೆ ಹೊಡೆಯುತ್ತಿರುವುದನ್ನು ಖಚಿತಪಡಿಸಿಕೊಂಡು, ಆಕಾಶ ನೋಡುವವನ ಹಾಗೆ ಎದ್ದು ಹೋಗಿ, ತುದಿಯ ಸಾಲಿನ ಒಂದು ಹಪ್ಪಳಕ್ಕೆ ಕೈ ಹಾಕಿದೆ. ಮಂಚದ ಕೆಳಗಿನಿಂದ ಗುರ್ ಎಂಬ ಸದ್ದು ಬಂತು. ಬಗ್ಗಿ ನೋಡಿದೆ. ಬೊಳ್ಳು ತಲೆಯೆತ್ತಿರಲಿಲ್ಲ, ಒಂದು ಕಣ್ಣು ಮಾತ್ರ ತೆರೆದು ನನ್ನ ಕೈಯನ್ನೇ ನೋಡುತ್ತಿದ್ದ. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು. ಜೇಬಿನಿಂದ ಕರ್ಚೀಫು ತೆಗೆದು, ಅವನಿಗೆ ಕಾಣುವ ಹಾಗೆ ಪೂರ್ತಿ ಬಿಚ್ಚಿ, ಮುಖದ ಬೆವರು ಒರೆಸಿಕೊಂಡು, ನನ್ನ ಜಾಗಕ್ಕೆ ಹೋಗಿ ಕುಳಿತೆ.